ಮೈಮೇಲೆ ಬೀಳುವ ಹುಂಜ

ಹಿತ್ತಲಿನ ಹುಂಜವು ಬಂದವರ ಮೇಲೆ ಎರಗಿದರೆ ಕೆಲವರು ಅದನ್ನು ಪೌರುಷವೆಂದು ಮೆಚ್ಚುವರು. ಅದರ ಕಾಲಿನ ಮುಳ್ಳು ಆಡುವ ಕೂಸಿನ ಕಣ್ಣಿಗೆ ತಗಲಬಹುದೆಂಬುದನ್ನು ಗ್ರಾಮದ ಯಜಮಾನರು ಮರೆಯಬಾರದು. ಹರೆಯದ ಹುಂಜವು ಮನುಷ್ಯನನ್ನೂ ಎದುರಾಳಿಯೆಂದೇ ಎಣಿಸುವುದು. ಒದ್ದರೆ ಕಾಳಗಕ್ಕೆ ಕರೆದಂತಾಗಿ ಇನ್ನಷ್ಟು ಕೆರಳುವುದು. ಆದುದರಿಂದ ಹೊಡೆಯದೆ ಬೇರೆ ಗೂಡಿನಲ್ಲಿಡತಕ್ಕದ್ದು. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡುಮಾಡಬಹುದು. ಬುಡಕ್ಕೆ ಕತ್ತರಿಸಿದರೆ ಒಳಗಿನ ಎಲುಬಿಗೆ ಪೆಟ್ಟಾಗಿ ರಕ್ತ ಸುರಿಯುವುದು.

8-10 ಹೇಂಟೆಗಳಿಗೆ ಒಂದೇ ಹುಂಜ ಸಾಕು. ಈ ದುರ್ಗುಣವು ಮರಿಗಳಿಗೂ ಇಳಿಯಬಹುದಾದುದರಿಂದ ಇಂಥದನ್ನು ತಳಿಗೆ ಉಳಿಸದೆ ಅಡಿಗೆಗೆ ಉಪಯೋಗಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಪಂದ್ಯದವರಿಗೆ ಮಾರಬಾರದು; ಕೋಳಿಕಾಳಗವು 1960ನೆಯ ಇಸವಿಯ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಹುಂಜವನ್ನು ತೆಗೆದ ಮೇಲೂ ಅದರ ವೀರ್ಯವು ಹೇಂಟೆಯಲ್ಲಿ 2-3 ವಾರ ಉಳಿಯುವುದರಿಂದ, ಆ ಅವಧಿಯ ಮೊಟ್ಟೆಗಳನ್ನು ಕಾವಿಗೆ ಇಡತಕ್ಕದ್ದಲ್ಲ.