ಬಂಡೆಗಳ ನಡುವಣ ಬದುಕು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪ್ರಯಾಣ ಮಾಡಿದವರು ಬಿಡದಿ ಕಳೆದ ಮೇಲೆ ಕಿಟಕಿಯಾಚೆ ಕಾಣುವ ಬೋಳು ಬೆಟ್ಟಗಳನ್ನು ನೋಡಿಯೇ ಇರುತ್ತೀರಿ. ಒಂದರ ಹೆಗಲನ್ನೊಂದು ಏರಿ ನಿಂತ ಆ ಹೆಬ್ಬಂಡೆಗಳನ್ನು ಕಂಡಾಗ ‘ಇಲ್ಲಿ ಏನು ತಾನೆ ಬೆಳೆದೀತು?’ ಎನ್ನಿಸುವುದು ಸಹಜ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದವರಂತೂ ಈ ಬಂಡೆಗಳನ್ನೇ ಡಕಾಯಿತರ ಬೀಡಾಗಿಸಿ, ಇದೊಂದು ಬರಡು ನಾಡೆಂದು ದೇಶಕ್ಕೆಲ್ಲ ನಂಬಿಸಿದರು. ಹಾಗಾದರೆ ಇಲ್ಲಿಯ ಜನ ದಿನ ಕಳೆಯುವುದು ಹೇಗೆ? ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯ ಕಡೆ ಸ್ವಲ್ಪ ದೃಷ್ಟಿ ಹಾಯಿಸೋಣ.

ಹೆಸರನ್ನೇ ಮೊದಲು ನೋಡಿ. ಇಂದಿನ ‘ಕಲ್ಲು’ ಹಳಗನ್ನಡದಲ್ಲಿ ‘ಕಲ್’. ಆನೇಕಲ್, ಹುಲಿಕಲ್ ಮುಂತಾದ ಊರ ಹೆಸರುಗಳ ಕೊನೆಯಲ್ಲಿ ಅದು ಹಾಗೆಯೇ ಉಳಿದಿದೆ. ಕೂಟಗಲ್ ಎಂಬಲ್ಲಿ ಕಕಾರಕ್ಕೆ ಗಕಾರ ಬಂದಿದೆ. ಆದೇಶ ಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಲ್ಲುಗಳು ಕೂಡಿದ ಎಡೆ ಎಂದು ಅರ್ಥ ಮಾಡುವುದೇ ನನಗೆ ಸರಿಯೆಂದು ತೋರುತ್ತದೆ. ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ರಾಮನಗರದ ಹಿಂದಿನ ಹೆಸರು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ.

ಇಂಥ ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಇಂಗುವುದಕ್ಕೆ ಮಣ್ಣಿಲ್ಲ, ಬಿರುಕಿದ್ದ ಕಡೆ ಮಾತ್ರ ಒಳಗಿಳಿದು, ಉಳಿದುದು ಗಳಿಗೆಯಲ್ಲಿ ಹರಿದುಹೋಗುತ್ತದೆ. ದೂರದ ಲೇಹ್ ಪಟ್ಟಣವನ್ನು ನೆನೆದುಕೊಳ್ಳಿ. ಸುಮಾರು 3500 ಮೀಟರ್ ಎತ್ತರದ ಆ ಮರುಭೂಮಿಗೆ ಮಳೆ ಅತ್ಯಲ್ಪ. ಆದರೂ ಚಳಿಗಾಲದ ಹಿಮ ಬೆಟ್ಟದ ಮೇಲೆ ಗಟ್ಟಿಯಾಗಿ ಕುಳಿತಿದ್ದು ಬೇಸಗೆಯಲ್ಲಿ ಕರಗಿ ಹೊಲಕ್ಕೆ ಇಳಿಯುತ್ತದೆ. ನಮ್ಮ ಬೆಟ್ಟಗಳಿಗೆ ಅಂಥ ಕೂಡಿಡುವ ಗುಣವಿಲ್ಲ. ಆದ್ದರಿಂದಲೇ ಹಿರಿಯರು ಬೆಟ್ಟದ ಬುಡದಲ್ಲಿ ಏರಿ ಕಟ್ಟಿ ಕೆರೆ ಮಾಡಿದರು. ಕೆರೆ ಬತ್ತಿದ ಬೇಸಗೆಯಲ್ಲಿ ನೀರೆಂದರೆ ಹೊತ್ತು ತರುವ ಪದಾರ್ಥವೇ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಸಾಲುಮರದ ತಿಮ್ಮಕ್ಕನವರು ಪತಿಯೊಡನೆ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ಬೆಳೆಸಿದ್ದನ್ನು ಬಲ್ಲಿರಿ. 2019ರಲ್ಲಿ ಪದ್ಮಶ್ರೀ ಬಂದಿತು, ಕೊಂಡಾಡಿದೆವು. ಆ ಬಿಂದಿಗೆಯ ಭಾರ ಈ ಸೀಮೆಯ ಹೆಂಗಸರಿಗೆ ನಿತ್ಯದ್ದಾಗಿತ್ತು ಎಂಬುದನ್ನು ಅಷ್ಟಾಗಿ ನೆನೆಯಲಿಲ್ಲ.

ರಾಗಿ, ಅವರೆ, ಮಾವು ಇಲ್ಲಿಯೂ ಉಂಟು. ಆದರೆ ಮನೆಯ ಕೈಖರ್ಚಿಗೆ ಆಧಾರ ಹಿಪ್ಪುನೇರಳೆ. ಬೇರೂರಿದ ಮೇಲೆ ಅದು ವರ್ಷವರ್ಷವೂ ಚಿಗುರುತ್ತದೆ. ಅಂಗೈ ಅಗಲದ ನೆಲದಲ್ಲೂ ವರ್ಷಕ್ಕೆ ಹಲವು ಬಾರಿ ಸೊಪ್ಪು ಕೊಡುತ್ತದೆ. ನೀರು ಸಾಲದ ಸಣ್ಣ ಹಿಡುವಳಿಗೆ ಇದು ಒಗ್ಗಿದ್ದು ಸೋಜಿಗವಲ್ಲ.

ಹುಳು ಸಾಕುವ ಮನೆಯಲ್ಲಿ ಗಡಿಯಾರದ ಯಜಮಾನಿಕೆ ಹುಳುವಿನದೇ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ಕಾಯಿಲೆಯೇನೂ ಅಲ್ಲ, ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುವ ಅವಸ್ಥೆ. ನಾಲ್ಕನೆಯ ಜ್ವರ ಎದ್ದಿತೋ, ಆಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲನ್ನು ಹುಳು ಆ ಕೆಲವೇ ದಿನಗಳಲ್ಲಿ ತಿಂದು ಮುಗಿಸುತ್ತದೆ. ಕತ್ತಲೆಯಲ್ಲಿ ಆ ಮೇಯುವ ಸದ್ದು ಸಣ್ಣ ಮಳೆ ಹುಯ್ದಂತೆ ಕೇಳುತ್ತದೆ. ಇರುವೆ ಬಾರದಂತೆ ಕಾಯಬೇಕು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ನುಗ್ಗದಂತೆ ಕಿಟಕಿಗೆ ಬಲೆ ಕಟ್ಟಬೇಕು. ಹೊಗೆಸೊಪ್ಪನ್ನು ಹತ್ತಿರ ಸುಳಿಸಕೂಡದು. ಮದುವೆ, ನೆಂಟಸ್ತಿಕೆ ಎಲ್ಲವೂ ಹುಳು ಹಣ್ಣಾಗಿ ಚಂದ್ರಿಕೆ ಏರಿದ ಮೇಲೆ.

ಗೂಡು ಕಟ್ಟಿತು, ಇನ್ನು ಸುಖವೆಂದು ತಿಳಿಯಬೇಡಿ. ಭತ್ತವನ್ನು ಕಣಜಕ್ಕೆ ತುಂಬಿ ಬೆಲೆ ಏರುವ ತನಕ ಕಾಯಬಹುದು. ಹಸಿ ಗೂಡನ್ನು ಕಾಯಿಸುವಂತಿಲ್ಲ. ಒಳಗೆ ಜೀವವಿದೆ, ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡು ತೂತುಮಾಡಿ ಹೊರಬಂದರೆ, ಆ ಎಳೆಯನ್ನು ಒಂದೇ ಉದ್ದಕ್ಕೆ ಬಿಚ್ಚಲು ಬಾರದು. ದಿನ ಕಳೆದಂತೆ ತೇವ ಆರಿ ತೂಕವೂ ಇಳಿಯುತ್ತದೆ. ಐದಾರನೆಯ ದಿನ ಬಿಡಿಸಿದ ಗೂಡು ಕೂಡಲೇ ರಾಮನಗರದ ಮಾರುಕಟ್ಟೆ ಸೇರಲೇಬೇಕು. ಈ ನಿರುಪಾಯವನ್ನು ದಲ್ಲಾಳಿ ಚೆನ್ನಾಗಿ ಬಲ್ಲ. ಮನೆಬಾಗಿಲಲ್ಲೇ ಅವನು ಹೇಳಿದ್ದೇ ಬೆಲೆಯಾಗದಿರಲು ಬಹಿರಂಗ ಹರಾಜು ಬೇಕಾಯಿತು. 1959ರಲ್ಲಿ ರೇಷ್ಮೆ ಬಿತ್ತನೆ ಮತ್ತು ಗೂಡಿನ ವ್ಯಾಪಾರವನ್ನು ನಿಯಂತ್ರಿಸುವ ಕಾನೂನೂ ಬಂದಿತು. ಇಂದು ಇದನ್ನು ಏಷ್ಯಾ ಖಂಡದ ಅತಿ ದೊಡ್ಡ ಗೂಡಿನ ಮಾರುಕಟ್ಟೆ ಎನ್ನುತ್ತಾರೆ. ಕೂಗಿ ಹೇಳುತ್ತಿದ್ದ ಬೆಲೆಯನ್ನು ನೂಲು ಬಿಚ್ಚಾಣಿಕೆಯವರು ಈಗ ಮೊಬೈಲಿನಲ್ಲೇ ಒತ್ತುತ್ತಾರೆ. ಪದ್ಧತಿ ಸುಧಾರಿಸಿದೆ, ನಿಜ. ಆದರೂ ಬೆಲೆ ಕುಸಿದ ದಿನ ಗೂಡನ್ನು ಮನೆಗೆ ಹೊತ್ತು ಹೋಗುವ ಸ್ವಾತಂತ್ರ್ಯ ರೈತನಿಗೆ ಹೆಸರಿಗಷ್ಟೇ ಇದೆ.

ಮಾರಿ ಬಂದವರು ಹುಳುಮನೆಯ ತಟ್ಟೆಗಳನ್ನು ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಒಣಗಿಸಲು ಬಂಡೆಯ ಮೇಲೆಯೇ ಹರಡುತ್ತಾರೆ. ತೋಟದಲ್ಲಿ ಅಷ್ಟುಹೊತ್ತಿಗೆ ಮುಂದಿನ ಬೆಳೆಗೆ ಚಿಗುರು ಕಾಣಿಸಿಕೊಂಡಿರುತ್ತದೆ.