ಚಂಚಲವಾದ ಮಗುವೂ ಪ್ರಯೋಗಶಾಲೆಯ ಇಲಿಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರಾಗಿದ್ದಾರೆ, ಕೆಲವರು ಉಪಾಧ್ಯಾಯಿನಿಯರಾಗಿದ್ದಾರೆ. ಅವರಿಂದಲೂ ಇತರ ಪೋಷಕರಿಂದಲೂ ನಾವು ಪದೇ ಪದೇ ಕೇಳುವ ದೂರು ಒಂದುಂಟು: “ಮಗು ಒಂದು ಗಳಿಗೆಯೂ ಕುಳಿತಲ್ಲಿ ಕುಳಿತಿರದು, ಬುದ್ಧಿಯಿದ್ದರೂ ಪಾಠ ಹತ್ತದು.” ಈ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾವು ಇಂಥ ಹುಡುಗಿಯೊಬ್ಬಳನ್ನು ದಿನದಿನವೂ ಬೆಂಚಿನ ಮೇಲೆ ನಿಲ್ಲಿಸಿ, ಅವಳಿಗೆ ಶಿಸ್ತನ್ನು ಕಲಿಸಿದೆವೆಂದು ಭಾವಿಸಿದೆವು. ಅವಳು ಕಲಿತದ್ದು ಶಾಲೆಯ ಭಯವನ್ನು ಮಾತ್ರ. ಆ ನೆನಪೇ ಈ ಲೇಖನಕ್ಕೆ ಕಾರಣವು.

1937ರಲ್ಲಿ ಅಮೆರಿಕದ ರೋಡ್ ಐಲೆಂಡ್ ಪ್ರಾಂತದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು 30 ಮಂದಿ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಕೊಟ್ಟು ನೋಡಿದರು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಎದ್ದು ಕಾಣುವಷ್ಟು ಮುಂದುವರಿದರು. ಅನೇಕರು ಶಾಂತರೂ ಆದರು. ಎಚ್ಚರವನ್ನು ಹೆಚ್ಚಿಸುವ ಔಷಧವು ಚಂಚಲವಾದ ಮಗುವನ್ನು ಶಾಂತಗೊಳಿಸಿದ್ದು ಹೇಗೆ? ಇದು ಬಹುಕಾಲ ಒಗಟಾಗಿಯೇ ಉಳಿಯಿತು.

ಈ ಒಗಟಿನ ಒಂದು ಎಳೆಯು ನಮ್ಮ ದೇಶದ ಸರ್ಪಗಂಧಿಯ ಬೇರಿನಿಂದ ದೊರೆಯಿತು. ಅದರಿಂದ ತೆಗೆದ ರೆಸರ್ಪಿನ್ ಎಂಬ ವಸ್ತುವನ್ನು ಮೊಲಗಳಿಗೆ ಕೊಟ್ಟರೆ ಅವು ಕಿವಿ ಜೋಲಿಸಿ ನಿಶ್ಚಲವಾಗುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬವರು ಅಂಥ ಪ್ರಾಣಿಗಳಿಗೆ ಡೋಪಾ ಎಂಬ ವಸ್ತುವನ್ನು ಕೊಡಲು, ಅವು ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಡೆದಾಡಿದವು. ಡೋಪಾ ಮಿದುಳಿನಲ್ಲಿ ಡೋಪಮೀನ್ ಆಗಿ ಮಾರ್ಪಡುತ್ತದೆ. ಡೋಪಮೀನ್ ಎಂಬುದು ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶವನ್ನು ಒಯ್ಯುವ ದೂತನೆಂದು ಇದರಿಂದ ತಿಳಿದುಬಂತು. ಈ ಶೋಧಕ್ಕಾಗಿ ಕಾರ್ಲ್‌ಸನ್ನರು 2000ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಪ್ರಾಣಿಗಳೇ ಯಾತಕ್ಕೆಂದು ಕೇಳಬಹುದು. ಮಗುವಿನ ಮಿದುಳಿನಲ್ಲಿ ಒಂದೇ ಒಂದು ಅಂಶವನ್ನು ಬದಲಾಯಿಸಿ, ಪರಿಣಾಮವೇನೆಂದು ಕಾದು ನೋಡುವುದು ಧರ್ಮವಲ್ಲ. ಇಲಿಯಾದರೋ ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಆದಕಾರಣ ಅದರ ಬಾಲ್ಯವನ್ನೂ ಪ್ರೌಢ ವಯಸ್ಸನ್ನೂ ಒಂದೇ ಪರೀಕ್ಷೆಯಲ್ಲಿ ನೋಡಬಹುದು.

1976ರಲ್ಲಿ ಬೆನೆಟ್ ಶೇವಿಟ್ಸ್ ಮತ್ತು ಅವರ ಸಂಗಡಿಗರು ಐದು ದಿನದ ಇಲಿಮರಿಗಳ ಮಿದುಳಿನಲ್ಲಿ ಡೋಪಮೀನನ್ನು ಬಹುವಾಗಿ ಕುಗ್ಗಿಸಿದರು. ಮರಿಗಳು ಬೆಳೆಯುವಾಗ ಎಡೆಬಿಡದೆ ಓಡಾಡಿದವು. ದೊಡ್ಡವಾದ ಮೇಲೆ ಓಡಾಟವು ಅಡಗಿತು. ಕಲಿಕೆಯ ತೊಡಕು ಮಾತ್ರ ಉಳಿಯಿತು. ಶಾಂತಳಾದ ಹುಡುಗಿಯನ್ನು ಕಂಡು “ಇವಳು ಸರಿಹೋದಳು” ಎನ್ನುವ ಮೊದಲು ನಾವು ಇದನ್ನು ನೆನೆಯತಕ್ಕದ್ದು.

1996ರಲ್ಲಿ ಬ್ರೂನೋ ಜಿರೋಸ್, ಮಾರ್ಕ್ ಕ್ಯಾರನ್ ಮೊದಲಾದವರು ಇದಕ್ಕೆ ವಿರುದ್ಧವಾದ ಪರೀಕ್ಷೆಯನ್ನು ಪ್ರಕಟಿಸಿದರು. ಬಿಡುಗಡೆಯಾದ ಡೋಪಮೀನನ್ನು ನರಕೋಶದೊಳಕ್ಕೆ ಹಿಂದಕ್ಕೆ ಸೆಳೆಯುವ ಒಂದು ಬಾಗಿಲುಂಟು. ಆ ಬಾಗಿಲೇ ಇಲ್ಲದ ಸುಂಡಿಲಿಗಳನ್ನು ಅವರು ಬೆಳೆಸಿದರು. ಶಾಲೆಯ ಗಂಟೆಯು ಬಾರಿಸಿದ ಮೇಲೆಯೂ ನಿಲ್ಲದೆ ಮೊಳಗುವಂತೆ, ಅವುಗಳಲ್ಲಿ ಡೋಪಮೀನ್ ಬಹು ಹೊತ್ತು ಉಳಿಯಿತು. ಅವುಗಳೂ ಅತಿಯಾಗಿ ಓಡಾಡಿದವು! ಅಷ್ಟೇ ಅಲ್ಲ, ಉತ್ತೇಜಕ ಔಷಧಗಳು ಅವುಗಳನ್ನು ಶಾಂತಗೊಳಿಸಿದವೆಂದೂ, ಅದರಲ್ಲಿ ಸೆರೊಟೋನಿನ್ ಎಂಬ ಬೇರೊಬ್ಬ ದೂತನ ಕೈವಾಡವಿರುವುದೆಂದೂ 1999ರಲ್ಲಿ ತೋರಿಬಂತು.

ಹಾಗಾದರೆ ದೂತನು ಕಡಿಮೆಯಾದರೂ ಚಾಂಚಲ್ಯ, ಹೆಚ್ಚಾದರೂ ಚಾಂಚಲ್ಯ! ಹೊರಗೆ ಒಂದೇ ಬಗೆಯಾಗಿ ಕಾಣುವ ನಡತೆಗೆ ಒಳಗಿನ ಕಾರಣಗಳು ಬೇರೆಬೇರೆಯಾಗಿರಬಹುದೆಂಬುದೇ ಇಲ್ಲಿಯ ದೊಡ್ಡ ಪಾಠವು. ಎಲ್ಲರಿಗೂ ಒಂದೇ ಬೆತ್ತವೆಂಬ ನ್ಯಾಯವು ಇಲ್ಲಿಯೇ ಮುರಿದುಬೀಳುತ್ತದೆ.

ಕಲಿಕೆಗೂ ಡೋಪಮೀನಿಗೂ ಏನು ಸಂಬಂಧ? ಮಂಗಗಳಲ್ಲಿ ಪರೀಕ್ಷಿಸಿದ ವುಲ್ಫ್‌ರಾಮ್ ಶುಲ್ಟ್ಸ್ ಎಂಬವರು, ಎಣಿಸದ ಬಹುಮಾನವು ದೊರೆತಾಗ ಡೋಪಮೀನ್ ಕೋಶಗಳು ಚುರುಕಾಗುತ್ತವೆಂದೂ, ಎಣಿಸಿದ್ದು ಬಾರದಿದ್ದಾಗ ಕುಗ್ಗುತ್ತವೆಂದೂ ಕಂಡರು. “ಈಗ ಮಾಡಿದ್ದು ನೆನಪಿಡತಕ್ಕದ್ದು” ಎಂದು ಮಿದುಳಿಗೆ ತಿಳಿಸುವ ಗುರುತು ಅದು. ಜಪಾನಿನ ಒಕಾಮೊಟೊ ಮತ್ತು ಆಓಕಿ ಎಂಬವರು ರಕ್ತದೊತ್ತಡದ ಅಭ್ಯಾಸಕ್ಕಾಗಿ ಬೆಳೆಸಿ 1963ರಲ್ಲಿ ಪ್ರಕಟಿಸಿದ ಇಲಿಯ ತಳಿಯೊಂದು ಚಂಚಲವೂ ಆಗಿತ್ತು. ತಡವಾಗಿ ಬರುವ ಬಹುಮಾನವು ಅದರ ಮೇಲೆ ಅಷ್ಟಾಗಿ ಪರಿಣಾಮ ಮಾಡದೆಂದು ನಾರ್ವೆಯ ಸಾಗ್ವೋಲ್ಡನ್ನರು ವಾದಿಸಿದರು. ವರ್ಷಾಂತ್ಯದ ಬಹುಮಾನಕ್ಕಿಂತ ಒಂದು ಲೆಕ್ಕವು ಸರಿಯಾದ ಕೂಡಲೇ ಹೇಳುವ “ಭೇಷ್” ಎಂಬ ಮಾತು ಇಂಥ ಮಗುವಿಗೆ ಹೆಚ್ಚು ಸಹಾಯಕವೆಂಬುದನ್ನು ನಮ್ಮ ತರಗತಿಗಳಲ್ಲಿಯೂ ಕಂಡಿದ್ದೇವೆ.

ಆದರೂ ಇಲಿಯು ಮಗುವಲ್ಲ. ಅದಕ್ಕೆ ಮನೆಪಾಠವಿಲ್ಲ, ಗೆಳತಿಯರ ಮುಂದೆ ನಾಚಿಕೆಯಿಲ್ಲ. ಒಂದು ರಾಸಾಯನಿಕ ದ್ರವ್ಯವೇ ಮಗುವಿನ ಸ್ವಭಾವವೆಲ್ಲವೂ ಎಂದು ಯಾರೂ ತಿಳಿಯಬಾರದು. ಔಷಧವು ಬೇಕೋ ಬೇಡವೋ ಎಂಬುದನ್ನು ತಜ್ಞ ವೈದ್ಯರೇ ನಿರ್ಣಯಿಸಬೇಕು. ಇನ್ನೊಂದು ಮಾತು: ಹುಡುಗಿಯರಲ್ಲಿ ಈ ತೊಂದರೆಯು ಓಡಾಟವಾಗಿ ತೋರದೆ, ಕಿಟಕಿಯಾಚೆ ನೋಡುವ ಮೌನವಾಗಿ ತೋರುವುದು ಹೆಚ್ಚು, ಆದಕಾರಣ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ತಾಯಂದಿರೇ, ಉಪಾಧ್ಯಾಯಿನಿಯರೇ, “ಇವಳು ಯಾಕೆ ಕೇಳುವುದಿಲ್ಲ?” ಎಂದು ಗದರಿಸುವ ಮೊದಲು “ಇವಳಿಗೆ ಯಾವುದು ಕಷ್ಟವಾಗಿದೆ?” ಎಂದು ವಿಚಾರಿಸಿರಿ. ಬೆಂಚಿನ ಮೇಲೆ ನಿಂತ ಆ ಹುಡುಗಿಯನ್ನು ನಾವು ಆಗ ಹಾಗೆ ಕೇಳಲಿಲ್ಲ. ಇಂದಿನ ಮಕ್ಕಳನ್ನು ಕೇಳುವುದಕ್ಕೆ ಇನ್ನೂ ಸಮಯವಿದೆ.