ಹನ್ನೊಂದನೆಯ ಎಲೆ

ಬೇಸಿಗೆ ರಜೆಯ ಮಧ್ಯಾಹ್ನ. ಊಟ ಮುಗಿಸಿದ ದೊಡ್ಡವರು ಅಲ್ಲಲ್ಲೇ ಒರಗಿದ್ದಾರೆ. ಪಡಸಾಲೆಯ ತಣ್ಣನೆಯ ಕೆಂಪು ನೆಲದ ಮೇಲೆ ಮಕ್ಕಳು ಸುತ್ತ ಕೂತಿದ್ದಾರೆ. ನಡುವೆ ಚಕ್ಕಳಮಕ್ಕಳ ಹಾಕಿದ ಸೋದರಮಾವ, ಅವನ ಕೈಯಲ್ಲಿ ಅಂಚು ಸವೆದ ಇಸ್ಪೀಟು ಕಟ್ಟು. ಅದರಿಂದ ಇಪ್ಪತ್ತೊಂದು ಎಲೆ ಎಣಿಸಿ ತೆಗೆದು, ಮುಖ ಮೇಲಾಗಿ, ಮೂರು ಸಾಲಿಗೂ ಒಂದೊಂದರಂತೆ ಹಾಕುತ್ತಾ ಹೋಗುತ್ತಾನೆ.

“ಒಂದೆಲೆ ಮನಸ್ಸಲ್ಲೇ ಇಟ್ಕೊ. ಬಾಯ್ಬಿಟ್ಟು ಹೇಳ್ಬೇಡ. ಯಾವ ಸಾಲಲ್ಲಿದೆ ಅಂತ ಮಾತ್ರ ಹೇಳು.”

ಹುಡುಗಿ ಆಟೀನ್ ರಾಣಿಯನ್ನು ನೆನೆದು, ಕಣ್ಣು ಬೇರೆಡೆ ತಿರುಗಿಸಿ, ಬೆರಳಿಂದ ಸಾಲು ತೋರಿಸುತ್ತಾಳೆ. ಮಾವ ಎಲೆಗಳನ್ನು ಕೂಡಿಸಿ ಮತ್ತೆ ಹಾಕುತ್ತಾನೆ, ಮತ್ತೆ ಕೇಳುತ್ತಾನೆ. ಮೂರನೆಯ ಸಲ ಸಾಲು ಕೇಳಿದ ಮೇಲೆ ಎಲೆಗಳನ್ನು ಒಟ್ಟುಮಾಡಿ ಒಂದೊಂದಾಗಿ ನೆಲಕ್ಕೆ ಎಸೆಯತೊಡಗುತ್ತಾನೆ. ಒಂದು ಎಲೆಯ ಮೇಲೆ ಕೈ ನಿಲ್ಲುತ್ತದೆ. ಮಗುಚುತ್ತಾನೆ. ಆಟೀನ್ ರಾಣಿ!

ಒಂದು ಗಳಿಗೆ ಯಾರಿಗೂ ಮಾತಿಲ್ಲ. ಆಮೇಲೆ ಎಲ್ಲರದೂ ಒಟ್ಟಿಗೇ: “ಮಾವ, ಹೆಂಗ್ ಮಾಡ್ದೆ? ಹೇಳು ಮಾವ!”

ಕನ್ನಡದ ಎಷ್ಟೋ ಮನೆಗಳಲ್ಲಿ ಈ ಗಳಿಗೆ ಬಂದುಹೋಗಿದೆ. ಕೆಲವು ಮಾವಂದಿರು ಅಲ್ಲೇ ಹೇಳಿಬಿಡುತ್ತಾರೆ, ಕೆಲವರು ನಕ್ಕು ಕಟ್ಟನ್ನು ಜೇಬಿಗೆ ಇಳಿಸುತ್ತಾರೆ. ಜಾದೂಗಾರರ ಜಗತ್ತಿನಲ್ಲಿ ಈ ಪ್ರಶ್ನೆಗೆ ನಾನೂರು ವರ್ಷ ದಾಟಿದ ಚರಿತ್ರೆಯಿದೆ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಗುಟ್ಟನ್ನು ಹೇಳಬಾರದು, ಕಲಿಸಬೇಕು.

ಈ ಇಪ್ಪತ್ತೊಂದು ಎಲೆಗಳ ಆಟವನ್ನೇ ಕಲಿಸುತ್ತೇನೆ, ಕೇಳಿ. ತೋರಿಸಿದ ಸಾಲನ್ನು ಪ್ರತಿಸಲವೂ ಉಳಿದೆರಡು ಸಾಲುಗಳ ನಡುವೆ ಇಟ್ಟು ಎತ್ತಿಕೊಳ್ಳಬೇಕು. ಅಷ್ಟೇ ಉಪಾಯ. ಮೊದಲ ಸಲ ಹಾಗೆ ಮಾಡಿದಾಗ ನೆನೆದ ಎಲೆ 8ರಿಂದ 14ರೊಳಗಿನ ಒಂದು ಸ್ಥಾನಕ್ಕೆ ಬರುತ್ತದೆ. ಎರಡನೆಯ ಸಲ 10, 11, 12ರಲ್ಲಿ ಒಂದು. ಮತ್ತೆ ಹಾಕಿದಾಗ ಈ ಮೂರೂ ಸ್ಥಾನಗಳು ಮೂರು ಸಾಲುಗಳ ನಟ್ಟನಡುವೆ ಒಂದೊಂದಾಗಿ ಬೀಳುತ್ತವೆ. ಆದ್ದರಿಂದ ಮೂರನೆಯ ಸಲ ಎತ್ತಿಕೊಂಡಾಗ ಅದು ಹನ್ನೊಂದನೆಯ ಎಲೆ, ತಪ್ಪುವುದೇ ಇಲ್ಲ. ಓದುವಾಗ ಇದು ಬರೀ ಲೆಕ್ಕ. ಕಟ್ಟು ಹಿಡಿದು ಹಾಕಿ ನೋಡಿದವರಿಗೆ ಮಾತ್ರ, ಕೇಳುವುದು ಕೇವಲ ಮೂರು ಪ್ರಶ್ನೆಯಾದರೂ ಎಲೆ ತಾನಾಗಿ ನಡುವಿಗೆ ಸರಿಯುತ್ತಾ ಬರುವ ಚೆಂದ ಕಾಣುತ್ತದೆ.

ಗುಟ್ಟು ಬಿಚ್ಚಿಟ್ಟವರಲ್ಲಿ ಹಳಬ ಇಂಗ್ಲೆಂಡಿನ ಕೆಂಟ್ ಪ್ರಾಂತದ ರೆಜಿನಾಲ್ಡ್ ಸ್ಕಾಟ್. ಅವನ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ 1584ರಲ್ಲಿ ಅಚ್ಚಾಯಿತು. ಮಾಟಗಾತಿಯರೆಂದು ಹಣೆಪಟ್ಟಿ ಹಚ್ಚಿ ಬಡ ಹೆಂಗಸರನ್ನು ನೇಣಿಗೇರಿಸುತ್ತಿದ್ದ ಕಾಲ ಅದು. ಮಾಟವೆಂದು ಜನ ನಡುಗುವ ಎಷ್ಟೋ ಸಂಗತಿಗಳು ಬರೀ ಕೈಚಳಕವೆಂದು ತೋರಿಸಲು ಅವನು ಚೆಂಡು, ನಾಣ್ಯ, ಇಸ್ಪೀಟೆಲೆಗಳ ಕಣ್ಕಟ್ಟುಗಳನ್ನು ಬಿಡಿಸಿ ಬರೆದ. ಬರೆಯುವಾಗ ಅವನಿಗೆ ನೋವೂ ಇತ್ತು. ಈ ವಿದ್ಯೆಯಿಂದಲೇ ಹೊಟ್ಟೆ ಹೊರೆಯುವ ಬಡವರ ಅನ್ನಕ್ಕೆ ತನ್ನಿಂದ ಕಲ್ಲು ಬೀಳುತ್ತದಲ್ಲ ಎಂದು ಆ ಪುಸ್ತಕದಲ್ಲೇ ಮರುಗಿದ್ದಾನೆ. ಒಂದು ಕಡೆ ನೇಣಿನ ಹಗ್ಗ, ಇನ್ನೊಂದು ಕಡೆ ಬೀದಿಯ ಆಟಗಾರನ ತುತ್ತು. ಹಗ್ಗದ ಎದುರು ಅವನು ಬಾಯಿ ಬಿಟ್ಟದ್ದು ಸರಿಯೇ. ಮರುಗಿದ್ದೂ ಸರಿಯೇ.

ನಮ್ಮ ನಾಡಿನಲ್ಲೂ ಈ ಮಾರ್ಗ ಹಿಡಿದವರಿದ್ದಾರೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಹುಲಿಕಲ್ ನಟರಾಜ್ ಊರೂರು ಸುತ್ತಿ, ದೈವಶಕ್ತಿಯೆಂದು ನಂಬಿಸಿ ಹಣ ಕೀಳುವವರ ತಂತ್ರಗಳನ್ನು ವೇದಿಕೆಯ ಮೇಲೆ ಬಯಲು ಮಾಡುತ್ತ ಬಂದಿದ್ದಾರೆ. ಜಾತ್ರೆಯ ಮೂಲೆಯಲ್ಲಿ ಮೂರೆಲೆ ಬೋರಲು ಹಾಕಿ, “ರಾಣಿ ಎಲ್ಲಿ? ದುಡ್ಡು ಕಟ್ಟಿ” ಎನ್ನುವವನ ಕೈ ಹೇಗೆ ಓಡುತ್ತದೆಂದು ಪ್ರತಿ ಹುಡುಗನಿಗೂ ಗೊತ್ತಿರಬೇಕು. ಮೋಸ ಹೋಗುತ್ತಿದ್ದೇನೆಂದು ತಿಳಿಯದೆ ಮೋಸಹೋಗುವವನಿಗೆ ಗುಟ್ಟು ತಿಳಿಯುವ ಹಕ್ಕಿದೆ. ಟಿಕೆಟ್ ಕೊಂಡು, ಇದು ಕಣ್ಕಟ್ಟೆಂದು ತಿಳಿದೇ ಬೆರಗಾಗಲು ಬಂದು ಕೂತವನ ಮಾತು ಬೇರೆ. ಅವನಿಗೆ ಅವನ ಬೆರಗನ್ನು ಕಾಪಾಡಿ ಕೊಡಬೇಕು.

ಈಗ 1922ರ ಶಿಕಾಗೊಗೆ ಬನ್ನಿ. ಹೋಟೆಲೊಂದರಲ್ಲಿ ಜಾದೂಗಾರರ ಔತಣಕೂಟ. ಗೌರವದ ಅತಿಥಿ ಹ್ಯಾರಿ ಹೌದಿನಿ. ಯಾವ ಚಮತ್ಕಾರವನ್ನಾದರೂ ಮೂರು ಸಲ ತೋರಿಸಿದರೆ ಗುಟ್ಟು ಹಿಡಿಯಬಲ್ಲೆ ಎಂಬುದು ಅವನ ಸವಾಲು. ಅವನೆದುರು ನಿಂತವನು ಕೆನಡಾದ ಡೈ ವೆರ್ನನ್, ಇನ್ನೂ ಮೂವತ್ತು ದಾಟದ ಯುವಕ. ಹೌದಿನಿ ತನ್ನ ಹೆಸರಿನ ಮೊದಲಕ್ಷರಗಳನ್ನು ಬರೆದುಕೊಟ್ಟ ಎಲೆಯನ್ನು ವೆರ್ನನ್ ಕಟ್ಟಿನ ಮೇಲಿನಿಂದ ಎರಡನೆಯದಾಗಿ ಸೇರಿಸಿದ. ಮೇಲಿನ ಎಲೆ ಮಗುಚಿದ. ಅಕ್ಷರ ಬರೆದ ಎಲೆಯೇ ಅಲ್ಲಿತ್ತು! ಮತ್ತೆ ಸೇರಿಸಿದ, ಮತ್ತೆ ಅದೇ ಮೇಲೆ. ಮೂರು ಸಲ ದಾಟಿತು. ಹೌದಿನಿ ಮತ್ತೆ ಮಾಡು, ಮತ್ತೆ ಮಾಡು ಎಂದ. ಗುಟ್ಟು ಕೊನೆಗೂ ಸಿಕ್ಕಲಿಲ್ಲ.

ಅದು ಹೇಗೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಎರಡು ಸಾಲು ಸಾಕು, ಆದರೆ ಆ ಎರಡು ಸಾಲಿನಲ್ಲಿ ವೆರ್ನನ್ ಇರುವುದಿಲ್ಲ. 1902ರಲ್ಲಿ ಶಿಕಾಗೊದಲ್ಲೇ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಹೆಸರಿನಲ್ಲಿ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಎಂಬ ಪುಸ್ತಕ ಪ್ರಕಟವಾಗಿತ್ತು. ಬರೆದವನ ನಿಜನಾಮ ಇಂದಿಗೂ ಇತ್ಯರ್ಥವಾಗಿಲ್ಲ. ಜೂಜುಕೋರರ ಕೈಚಳಕ ಒಂದು ಭಾಗ, ಜಾದೂ ಇನ್ನೊಂದು ಭಾಗ, ಜೊತೆಗೆ ಕೈಗಳ ಚಿತ್ರಗಳು. ಹುಡುಗ ವೆರ್ನನ್ ಆ ಪುಸ್ತಕವನ್ನು ಬಾಯಿಪಾಠವಾಗುವಷ್ಟು ಓದಿದ್ದ. ದುಡ್ಡು ಕೊಟ್ಟ ಯಾರಿಗಾದರೂ ಸಿಗುತ್ತಿದ್ದ ಪುಸ್ತಕ ಅದು. ಹಾಳೆಯಿಂದ ಬೆರಳಿಗೆ ಇಳಿಸಿಕೊಂಡವರು ಮಾತ್ರ ಬೆರಳೆಣಿಕೆಯ ಜನ.

ಆ ಇಳಿಸಿಕೊಳ್ಳುವ ಕೆಲಸ ನೋಡಬೇಕು. ಕನ್ನಡಿಯ ಮುಂದೆ ಕಲಿಯುವವನು ಕೂತಿದ್ದಾನೆ. ಎಡಗೈಯಲ್ಲಿ ಕಟ್ಟು. ತೋರುಬೆರಳು ಮುಂದಿನ ಅಂಚಿಗೆ, ಉಳಿದ ಮೂರು ಬೆರಳು ಬಲಬದಿಗೆ, ಹೆಬ್ಬೆರಳು ಮೇಲೆ ಹಗುರವಾಗಿ. ಇದಕ್ಕೆ ಮೆಕ್ಯಾನಿಕ್ಸ್ ಗ್ರಿಪ್ ಎನ್ನುತ್ತಾರೆ. ಬರೀ ಹಿಡಿಯುವುದೇ ಮೊದಮೊದಲು ನೋಯುತ್ತದೆ. ಎಲೆಗಳು ಜಾರಿ ನೆಲದ ತುಂಬ ಚೆಲ್ಲುತ್ತವೆ, ಬಗ್ಗಿ ಆರಿಸಿ ಮತ್ತೆ ಮೊದಲಿನಿಂದ. ಕೈ ಹದಕ್ಕೆ ಬಂದಾಗ ಕಣ್ಣು ತಪ್ಪುತ್ತದೆ, ಗುಟ್ಟು ನಡೆಯುವ ಕಡೆಗೇ ನೋಟ ಓಡಿ ಎಲ್ಲವನ್ನೂ ಬಿಟ್ಟುಕೊಡುತ್ತದೆ. ಕಣ್ಣು ಪಳಗಿದಾಗ ಮಾತು ತೊದಲುತ್ತದೆ. ಸಂಗೀತದ ಹುಡುಗಿ ಮಾಯಾಮಾಳವಗೌಳದ ಸರಳೆವರಸೆಯನ್ನು ಮೂರು ಕಾಲದಲ್ಲೂ ತಿದ್ದಿಕೊಳ್ಳುವ ಹಾಗೆಯೇ ಇದು. ಸ್ವರ ಎಲ್ಲರಿಗೂ ಗೊತ್ತು, ಹಾಡಬಲ್ಲವರು ಸಾಧಕರು ಮಾತ್ರ.

ಅರ್ಜೆಂಟೀನಾದ ರೆನೆ ಲವಾಂಡ್ ಒಂಬತ್ತನೆಯ ವಯಸ್ಸಿಗೆ ಅಪಘಾತದಲ್ಲಿ ಬಲಗೈ ಕಳೆದುಕೊಂಡವನು. ಎರಡು ಕೈಯವರಿಗಾಗಿ ಬರೆದ ಪುಸ್ತಕಗಳು ಅವನಿಗೆ ಒದಗಲಿಲ್ಲ. ಪ್ರತಿ ತಂತ್ರವನ್ನೂ ಎಡಗೈಯೊಂದಕ್ಕೇ ಹೊಸದಾಗಿ ಕಂಡುಕೊಂಡ. ಬಲತೋಳನ್ನು ಕೋಟಿನ ಜೇಬಿನೊಳಗಿಟ್ಟು ಮೇಜಿನ ಮುಂದೆ ಕೂರುತ್ತಿದ್ದ. ಕೆಂಪೆಲೆ ಮೂರು, ಕಪ್ಪೆಲೆ ಮೂರು. ಒಂದು ಬಿಟ್ಟು ಒಂದರಂತೆ ಜೋಡಿಸಿಟ್ಟವು ಮಗುಚಿದಾಗ ಬಣ್ಣಬಣ್ಣವಾಗಿ ಗುಂಪುಗೂಡಿರುತ್ತಿದ್ದವು. ಇನ್ನೂ ನಿಧಾನ ಮಾಡುತ್ತೇನೆಂದು ಹೇಳಿ, ಹೇಳಿದ ಹಾಗೆ ಇನ್ನೂ ನಿಧಾನವಾಗಿ ಮಾಡುತ್ತಿದ್ದ. ನೋಡುವವರ ಕಣ್ಣಿಗೆ ಬೇಕಾದಷ್ಟು ಸಮಯ ಕೊಟ್ಟೂ ಗೆಲ್ಲುತ್ತಿದ್ದ. ಇಂಥವನ ಗುಟ್ಟನ್ನು ಒಂದು ವಾಕ್ಯದಲ್ಲಿ ಒದರಿಬಿಟ್ಟರೆ ಕೇಳಿದವನಿಗೆ ವಿದ್ಯೆ ಸಿಗುವುದಿಲ್ಲ, ಇದ್ದ ಬೆರಗೂ ಹೋಗುತ್ತದೆ.

1997ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಮುಖವಾಡ ತೊಟ್ಟ ಜಾದೂಗಾರನೊಬ್ಬ ಒಂದರ ಹಿಂದೊಂದು ಗುಟ್ಟು ಒಡೆದಾಗ ಸಹೋದ್ಯೋಗಿಗಳು ಕೆರಳಿದ್ದಕ್ಕೆ ಇದೇ ಕಾರಣ. ಅಲ್ಲಿ ಯಾವ ಮೋಸಗಾರನೂ ಸಿಕ್ಕಿಬೀಳಲಿಲ್ಲ, ಯಾವ ಶಿಷ್ಯನೂ ತಯಾರಾಗಲಿಲ್ಲ. ಇಂದು ಮೊಬೈಲಿನ ಅರೆನಿಮಿಷದ ವಿಡಿಯೊಗಳು ಅದನ್ನೇ ಮಾಡುತ್ತಿವೆ. ಇದಕ್ಕೆ ಎದುರಾಗಿ ಲಂಡನ್ನಿನ ಮ್ಯಾಜಿಕ್ ಸರ್ಕಲ್ ಇದೆ. 1905ರಲ್ಲಿ ಹುಟ್ಟಿದ ಆ ಸಂಘ ಗುಟ್ಟು ಕಾಯುವುದನ್ನೇ ಧ್ಯೇಯವಾಕ್ಯ ಮಾಡಿಕೊಂಡಿದೆ. ಹಾಗೆಂದು ಬಾಗಿಲು ಮುಚ್ಚಿಲ್ಲ. ಪರೀಕ್ಷೆಯಲ್ಲಿ ತನ್ನ ವಿದ್ಯೆ ತೋರಿಸಿ ಗೆದ್ದವನಿಗೆ ಅದರ ದೊಡ್ಡ ಗ್ರಂಥಾಲಯವೇ ತೆರೆದುಕೊಳ್ಳುತ್ತದೆ.

ವೆರ್ನನ್ ಕೂಡ ಬಾಗಿಲು ಮುಚ್ಚಲಿಲ್ಲ. 1963ರಲ್ಲಿ ಲಾಸ್ ಏಂಜಲೀಸ್‌ಗೆ ಬಂದು, ಅಲ್ಲಿನ ಜಾದೂಗಾರರ ಕ್ಲಬ್ಬಾದ ಮ್ಯಾಜಿಕ್ ಕ್ಯಾಸಲ್‌ನ ಸೋಫಾದ ಮೇಲೆ ಕೂತು, ಹುಡುಕಿಕೊಂಡು ಬಂದ ಕಿರಿಯರ ಕೈ ತಿದ್ದುತ್ತಾ ವರ್ಷಗಳನ್ನು ಕಳೆದ. 1992ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಹಿಂದೆ ಹದಿನಾಲ್ಕರ ವಯಸ್ಸಿಗೇ ಮನೆ ಬಿಟ್ಟು ಹೊರಟ ಹುಡುಗ ಪರ್ಸಿ ಡಯಕೊನಿಸ್ ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದ ಪ್ರಾಧ್ಯಾಪಕರಾದರು. ಕಟ್ಟನ್ನು ಎರಡು ಪಾಲು ಮಾಡಿ ಅಂಚುಗಳನ್ನು ಹೆಣೆದು ಕಲೆಸುವ ಪದ್ಧತಿಯಲ್ಲಿ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲೆಸಬೇಕೆಂದು, ಡೇವ್ ಬೇಯರ್ ಜೊತೆ ಸೇರಿ 1992ರಲ್ಲೇ ಗಣಿತದಿಂದ ತೋರಿಸಿಕೊಟ್ಟರು. ಕಲಿಸಿದ ಗುಟ್ಟು ಕಲಿತವನ ತಲೆಯಲ್ಲಿ ಹೀಗೆ ಬೇರೆಯೇ ವಿದ್ಯೆಯಾಗಿ ಬೆಳೆಯಬಲ್ಲದು.

ಆದ್ದರಿಂದ ಮನೆಯ ಮಗು “ಹೆಂಗೆ?” ಎಂದಾಗ ಗದರಬೇಡಿ, ಉತ್ತರವನ್ನೂ ಒಪ್ಪಿಸಿಬಿಡಬೇಡಿ. ಇನ್ನೊಂದು ಸಲ ಮಾಡಿ ತೋರಿಸಿ. ಮಾರನೆಯ ದಿನವೂ ಅದೇ ಪ್ರಶ್ನೆ ಹೊತ್ತು ಬಂದರೆ ಕಟ್ಟನ್ನು ಅದರ ಕೈಗೇ ಕೊಟ್ಟು, ಎಲೆ ಹಿಡಿಯುವುದರಿಂದ ಪಾಠ ಶುರುಮಾಡಿ. ಮೊದಲ ಪ್ರದರ್ಶನ ಅಜ್ಜಿಯ ಮುಂದೆ ಎಂದು ದಿನವನ್ನೂ ಗೊತ್ತುಮಾಡಿ. ಅಜ್ಜಿ ಬಾಯಿ ತೆರೆದು ನೋಡಿದ್ದನ್ನು ಕಂಡ ಮಗುವಿಗೆ, ಗುಟ್ಟನ್ನು ಯಾಕೆ ಕಾಯಬೇಕೆಂದು ಯಾರೂ ವಿವರಿಸಬೇಕಾಗುವುದಿಲ್ಲ.